ಸಿಗಡಿ ಒಲೆಯ ಮೇಲೆ ನೀರು ಬಿಟ್ಟು ರಬ್ಬರ್ ಆಗುವುದೇಕೆ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿದ್ದೇವೆ. ಸಿಪ್ಪೆ ಬಿಡಿಸಿದ ಫ್ರೋಜನ್ ಸಿಗಡಿ ತಂದು, ಮಸಾಲೆ ಹಚ್ಚಿ ಅರ್ಧ ಗಂಟೆ ಇಟ್ಟು ಬಾಣಲೆಗೆ ಹಾಕುತ್ತೇನೆ. ಹಾಕಿದ ಕೂಡಲೇ ನೀರು ಬಿಡುತ್ತದೆ. ನೀರು ಇಂಗುವ ತನಕ ಹುರಿದರೆ ಸಿಗಡಿ ಅರ್ಧಕ್ಕರ್ಧ ಚಿಕ್ಕದಾಗಿ ರಬ್ಬರ್ ಆಗುತ್ತದೆ. ಬೇಗ ಇಳಿಸಿದರೆ ಮಸಾಲೆ ಹಸಿ ಹಸಿ. ಎಷ್ಟು ನಿಮಿಷ ಬೇಯಿಸಬೇಕು? ಊರ ಕಡೆ ಮೆಣಸಿನ ಮಸಾಲೆಯನ್ನು ತುಪ್ಪದಲ್ಲಿ ಹುರಿದು ಮಾಡುವ ಘೀ ರೋಸ್ಟ್‌ನ ಹದ ಗ್ಯಾಸ್ ಒಲೆಯಲ್ಲಿ ಬರುತ್ತದೆಯೇ? ಬೆನ್ನಿನ ಕಪ್ಪು ನರ ತೆಗೆಯಲೇಬೇಕೇ?

ಉತ್ತರ: ನಿಮಿಷದ ಲೆಕ್ಕ ಮೊದಲು ಹೇಳಿಬಿಡೋಣ. ಸಿಪ್ಪೆ ಬಿಡಿಸಿದ ಮಧ್ಯಮ ಗಾತ್ರದ ಸಿಗಡಿಗೆ, ಚೆನ್ನಾಗಿ ಕಾದ ಬಾಣಲೆಯಲ್ಲಿ, ಒಟ್ಟು ಎರಡು ನಿಮಿಷ ಸಾಕು. ಆದರೆ ಅರೆದ ಮೆಣಸಿನ ಮಸಾಲೆಯ ಹಸಿ ವಾಸನೆ ಹೋಗಿ ತುಪ್ಪ ಬಿಡಬೇಕಾದರೆ ಹತ್ತು ಹನ್ನೆರಡು ನಿಮಿಷ ಬೇಕು. ಈ ಎರಡನ್ನೂ ಒಂದೇ ಬಾಣಲೆಯಲ್ಲಿ ಒಂದೇ ಹೊತ್ತಿಗೆ ಶುರು ಮಾಡಿದರೆ ಒಂದು ಹದಕ್ಕೆ ಬರುವಷ್ಟರಲ್ಲಿ ಇನ್ನೊಂದು ಕೆಟ್ಟಿರುತ್ತದೆ. ಉರಿ ಹೆಚ್ಚಿಸಿ ತಗ್ಗಿಸಿ ಇದನ್ನು ಸರಿ ಮಾಡಲು ಆಗುವುದಿಲ್ಲ. ಮಸಾಲೆ ಬೇರೆ, ಸಿಗಡಿ ಬೇರೆ ಬೇಯಬೇಕು; ಎರಡೂ ಕೂಡುವುದು ಕೊನೆಯ ಒಂದು ನಿಮಿಷದಲ್ಲಿ. ನಿಮ್ಮ ತೊಂದರೆಯ ಇನ್ನೊಂದು ಅರ್ಧ ಇರುವುದು ನೀರಿನಲ್ಲಿ.

ಆ ನೀರು ಎಲ್ಲೆಲ್ಲಿಂದ ಬರುತ್ತದೆ ನೋಡಿ. ಫ್ರೋಜನ್ ಸಿಗಡಿಯ ಪ್ರತಿ ತುಂಡಿನ ಮೇಲೂ ತೆಳ್ಳನೆಯ ಮಂಜಿನ ಪದರ ಇರುತ್ತದೆ. ಒಣಗದಿರಲಿ ಎಂದು ಕಾರ್ಖಾನೆಯಲ್ಲೇ ಹೀಗೆ ಮಾಡುತ್ತಾರೆ. ಅದು ಕರಗಿದರೆ ನೀರೇ. ಎರಡನೆಯದು ಫಾಸ್ಫೇಟ್. ಪ್ಯಾಕೆಟ್ಟಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಪದಾರ್ಥಗಳ ಪಟ್ಟಿ ಓದಿ. ‘ಐಎನ್‌ಎಸ್ 451’ ಅಥವಾ ‘ಸೋಡಿಯಂ ಟ್ರೈಪಾಲಿಫಾಸ್ಫೇಟ್’ ಎಂದಿದ್ದರೆ ಆ ಸಿಗಡಿಯನ್ನು ಫಾಸ್ಫೇಟ್ ದ್ರಾವಣದಲ್ಲಿ ನೆನೆಸಿದ್ದಾರೆ ಎಂದರ್ಥ. ಮಿತಿಯಲ್ಲಿ ಬಳಸಿದರೆ ಮಾಂಸ ತನ್ನದೇ ನೀರನ್ನು ಹಿಡಿದುಕೊಳ್ಳಲು ಅದು ನೆರವಾಗುತ್ತದೆ. ಹೆಚ್ಚು ಹೊತ್ತು ನೆನೆಸಿದರೆ ಹೊರಗಿನ ನೀರನ್ನೂ ಕುಡಿದು ಉಬ್ಬುತ್ತದೆ, ತೂಕವೂ ಹೆಚ್ಚುತ್ತದೆ, ಬಾಣಲೆಗೆ ಬಿದ್ದಾಗ ಆ ಕುಡಿದ ನೀರಿನ ಒಂದು ಪಾಲು ಹೊರಬರುತ್ತದೆ. ಹಸಿ ಸಿಗಡಿ ಗಾಜಿನಂತೆ ಮಿರಮಿರ ಹೊಳೆಯುತ್ತಿದ್ದು, ಮುಟ್ಟಿದರೆ ಸೋಪಿನ ಹಾಗೆ ಜಾರಿದರೆ ಅನುಮಾನಿಸಿ. ಮೂರನೆಯದು ನೀವೇ ತರಿಸಿಕೊಳ್ಳುವ ನೀರು. ಉಪ್ಪು, ಖಾರದಪುಡಿ, ಲಿಂಬೆರಸ ಬೆರೆಸಿ ಅರ್ಧ ಗಂಟೆ ಇಟ್ಟಾಗ ಬಟ್ಟಲಿನ ತಳದಲ್ಲಿ ನಿಲ್ಲುವ ಕೆಂಪು ರಸ ಇದೇ.

ಹೀಗೆ ಬಾಣಲೆಗೆ ಎರಡು ದೊಡ್ಡ ಚಮಚ, ಅಂದರೆ ಸುಮಾರು 30 ಮಿಲಿ ನೀರು ಸೇರಿತು ಎನ್ನಿ. ಅಷ್ಟು ನೀರು ಪೂರ್ತಿ ಆವಿಯಾಗಲು ಮನೆಯ ಗ್ಯಾಸ್ ಒಲೆಯ ಜೋರು ಉರಿಯಲ್ಲೂ ಹತ್ತಿರಹತ್ತಿರ ಒಂದು ನಿಮಿಷ ಹಿಡಿಯುತ್ತದೆ. ನೀರು ಇರುವಷ್ಟು ಹೊತ್ತು ಬಾಣಲೆಯ ತಳ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಕೆಂಪಗೆ ಹುರಿದ ಬಣ್ಣ, ಪರಿಮಳ ಬರಲು 140 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು. ಹಾಗಾಗಿ ನೀವು ಮಾಡುತ್ತಿರುವುದು ಹುರಿಯುವುದಲ್ಲ, ತನ್ನದೇ ನೀರಿನಲ್ಲಿ ಬೇಯಿಸುವುದು. ಎರಡು ನಿಮಿಷದ ಅಡುಗೆಯಲ್ಲಿ ಒಂದು ನಿಮಿಷ ಅಲ್ಲೇ ಹೋಯಿತು. ಅಷ್ಟರಲ್ಲಿ ಸಿಗಡಿ ಒಳಗಿನಿಂದ ಇನ್ನಷ್ಟು ನೀರು ಬಿಟ್ಟಿರುತ್ತದೆ. ಈ ಸುತ್ತು ಮುಗಿಯುವುದು ಮಾಂಸದಲ್ಲಿ ಬಿಡಲು ನೀರೇ ಉಳಿಯದಿದ್ದಾಗ.

ಸಿಗಡಿಯ ಮಾಂಸ ಬಿಸಿಗೆ ಇಷ್ಟು ಬೇಗ ಮುನಿಯುವುದಕ್ಕೂ ಕಾರಣ ಇದೆ. ಅದರಲ್ಲಿನ ಮುಖ್ಯ ಪ್ರೋಟೀನುಗಳಲ್ಲಿ ಒಂದಾದ ಮಯೋಸಿನ್ 50 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗತೊಡಗುತ್ತದೆ. ಗಾಜಿನಂತಿದ್ದ ಮಾಂಸ ಬೆಳ್ಳಗಾಗುವುದು ಆಗ. ಇನ್ನೊಂದು, ಆಕ್ಟಿನ್, 65 ಡಿಗ್ರಿ ದಾಟಿದ ಮೇಲೆ ಬಿಗಿಯುತ್ತದೆ. ಬಟ್ಟೆ ಹಿಂಡಿದ ಹಾಗೆ ರಸ ಹೊರಬರುವುದು ಇಲ್ಲಿಂದ. ನಡುಭಾಗ 60ರಿಂದ 63 ಡಿಗ್ರಿಗೆ ಬಂದಾಗ ಸಿಗಡಿ ಬೆಂದಿರುತ್ತದೆ, ರಸವೂ ಇರುತ್ತದೆ. ಮಟನ್‌ನಲ್ಲಾದರೆ ಹೆಚ್ಚು ಹೊತ್ತು ಬೇಯಿಸಿದಷ್ಟೂ ಗಟ್ಟಿ ನಾರು ಕರಗಿ ಮೆತ್ತಗಾಗುತ್ತದೆ. ಸಿಗಡಿಯಲ್ಲಿ ಹಾಗೆ ಕರಗಬೇಕಾದ ನಾರು ಹೆಚ್ಚೇನಿಲ್ಲ. ‘ಇನ್ನೂ ಸ್ವಲ್ಪ ಬೇಯಲಿ, ಮೆತ್ತಗಾಗುತ್ತದೆ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಕೊಳ್ಳುವ ವಿಷಯ. ಪ್ಯಾಕೆಟ್ ಮೇಲಿನ 31/40, 16/20 ಎಂಬ ಅಂಕಿಗಳು ಒಂದು ಪೌಂಡಿಗೆ, ಅಂದರೆ 454 ಗ್ರಾಂಗೆ, ಎಷ್ಟು ಸಿಗಡಿ ಬರುತ್ತವೆ ಎಂಬ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ಸಿಗಡಿ ದೊಡ್ಡದು. ಮೀನು ಮಾರುಕಟ್ಟೆಯಲ್ಲಿ ‘ಮೂವತ್ತು ಕೌಂಟ್’, ‘ಐವತ್ತು ಕೌಂಟ್’ ಎಂದರೆ ಅದು ಕಿಲೋ ಲೆಕ್ಕ, ಎರಡನ್ನೂ ಕಲಸಿಕೊಳ್ಳಬೇಡಿ. ಒಲೆಯ ಮೇಲೆ ಹುರಿಯಲು 21/25 ಅಥವಾ 26/30 ಗಾತ್ರ ಒಳ್ಳೆಯದು. ಅದಕ್ಕಿಂತ ಸಣ್ಣದಾದರೆ ಹೊರಗೆ ಬಣ್ಣ ಬರುವ ಮೊದಲೇ ಒಳಗೆ ಬೆಂದುಹೋಗುತ್ತದೆ. ಆಗಲೇ ಗುಲಾಬಿ ಬಣ್ಣಕ್ಕೆ ತಿರುಗಿರುವ ಫ್ರೋಜನ್ ಸಿಗಡಿ ಸಿಕ್ಕರೆ ಅದು ಬೇಯಿಸಿದ್ದು. ಅದನ್ನು ಹುರಿಯಲು ತರಬೇಡಿ, ಏನು ಮಾಡಿದರೂ ಎರಡನೇ ಬೇಯುವಿಕೆಯಲ್ಲಿ ಗಟ್ಟಿಯಾಗುತ್ತದೆ.

ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವುದರಲ್ಲಿ ಹೆಚ್ಚಿನದು ವನ್ನಾಮಿ ಎಂಬ ಸಾಕಣೆ ಸಿಗಡಿ. ಅಮೆರಿಕ ಖಂಡಗಳ ಪೆಸಿಫಿಕ್ ಕರಾವಳಿಯ ಈ ಜಾತಿಯ ಸಾಕಣೆಗೆ ಭಾರತದಲ್ಲಿ 2009ರಲ್ಲಿ ಅನುಮತಿ ಸಿಕ್ಕಿತು. ಈಗ ಆಂಧ್ರದ ಕೆರೆಗಳಿಂದ ರಾಶಿ ರಾಶಿ ಬರುತ್ತದೆ. ಸಿಪ್ಪೆ ತೆಳು, ರುಚಿ ಸೌಮ್ಯ, ಗಾತ್ರ ಒಂದೇ ಸಮ. ಹುರಿಯಲು ಇದೇನೂ ಕೆಟ್ಟದ್ದಲ್ಲ. ಮಂಗಳೂರು, ಮಲ್ಪೆ, ಗಂಗೊಳ್ಳಿ ಕಡೆ ದೋಣಿಯಿಂದ ಇಳಿಯುವ ಸಣ್ಣ ಕರಿಕಾಡಿ ಸಿಗಡಿಗೆ ಇರುವ ಖಡಕ್ ಸಮುದ್ರದ ರುಚಿ ಇದಕ್ಕಿಲ್ಲ, ಅಷ್ಟೇ. ಊರಿನ ರುಚಿಗೂ ನಿಮ್ಮ ಮನೆಯ ರುಚಿಗೂ ಇರುವ ವ್ಯತ್ಯಾಸದಲ್ಲಿ ಒಂದು ಪಾಲು ಇದರದ್ದೇ, ನಿಮ್ಮ ಕೈಯದ್ದಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ಎರಡು ತಿಂಗಳು ಕರಾವಳಿಯವರೂ ಹೆಚ್ಚಾಗಿ ಕೆರೆಯ ಸಿಗಡಿ, ಐಸಿನ ದಾಸ್ತಾನು ಇಲ್ಲವೇ ಒಣ ಸಿಗಡಿಯನ್ನೇ ನಂಬಿರುತ್ತಾರೆ.

ತಲೆ, ಸಿಪ್ಪೆ ಇರುವ ತಾಜಾ ಸಿಗಡಿ ತಂದರೆ ಒಂದು ಕಿಲೋಗೆ ಸುಲಿದ ಮೇಲೆ ಉಳಿಯುವುದು ಸುಮಾರು ಅರ್ಧ ಕಿಲೋ ಮಾತ್ರ. ಬೆಲೆ ಹೋಲಿಸುವಾಗ ಇದು ನೆನಪಿರಲಿ. ತಂದ ದಿನವೇ ತಲೆ ತೆಗೆದುಬಿಡಿ. ಜೀರ್ಣಕ್ಕೆ ಬೇಕಾದ ಕಿಣ್ವಗಳೆಲ್ಲ ತಲೆಯಲ್ಲೇ ಇರುತ್ತವೆ, ತಲೆ ಹಾಗೇ ಬಿಟ್ಟರೆ ಅವು ಕತ್ತಿನ ಹತ್ತಿರದ ಮಾಂಸವನ್ನು ಕರಗಿಸಿ ಹಿಟ್ಟಿನಂತೆ ಮಾಡುತ್ತವೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಕಂಡರೆ ಹೆದರಬೇಡಿ, ಅದು ಸೇಬು ಹೆಚ್ಚಿಟ್ಟಾಗ ಕಂದಾಗುವ ಥರದ್ದೇ ಕ್ರಿಯೆ. ಅಮೋನಿಯಾದ ಘಾಟು ಬಂದರೆ ಮಾತ್ರ ಎಸೆಯಿರಿ. ಆ ಘಾಟು ಯಾವ ಮಸಾಲೆಗೂ ಬಗ್ಗುವುದಿಲ್ಲ.

ನರದ ವಿಷಯ. ಬೆನ್ನಿನ ಉದ್ದಕ್ಕೂ ಕಾಣುವ ಕಪ್ಪು ಗೆರೆ ನರವಲ್ಲ, ಅದರ ಕರುಳು. ತಿಂದರೆ ಅಪಾಯವೇನಿಲ್ಲ, ಆದರೆ ಮರಳು ತುಂಬಿದ್ದರೆ ಹಲ್ಲಿಗೆ ಕರಕರ ಸಿಗುತ್ತದೆ, ತುಸು ಕಹಿಯೂ ಹೌದು. ದೊಡ್ಡ ಸಿಗಡಿಯಲ್ಲಿ ತೆಗೆಯಲೇಬೇಕು. ಬೆರಳಿನ ಅರ್ಧದಷ್ಟಿರುವ ಸಣ್ಣದರಲ್ಲಿ ಬಿಟ್ಟರೂ ನಡೆಯುತ್ತದೆ. ಹೊಟ್ಟೆಯ ಕಡೆ ಇರುವ ತೆಳು ಗೆರೆಯೇ ನಿಜವಾದ ನರ, ಅದನ್ನು ಮುಟ್ಟುವ ಅಗತ್ಯವಿಲ್ಲ. ಬೆನ್ನನ್ನು ಉದ್ದಕ್ಕೆ ಆಳವಾಗಿ ಸೀಳುವವರೇ ಹೆಚ್ಚು. ಹಾಗೆ ಸೀಳಿದರೆ ಮಾಂಸ ಹೂವಿನಂತೆ ಬಿರಿದು ಇನ್ನೂ ಬೇಗ ಬೇಯುತ್ತದೆ, ನಿಮಗೆ ಬೇಡವಾದದ್ದು ಅದೇ. ಸಿಗಡಿಯನ್ನು ಬಾಗಿಸಿ ಹಿಡಿದು, ತಲೆಯ ಕಡೆಯಿಂದ ಎರಡನೇ ಗಣ್ಣಿನಲ್ಲಿ ಟೂತ್‌ಪಿಕ್ ಅಡ್ಡಲಾಗಿ ಚುಚ್ಚಿ ನಿಧಾನಕ್ಕೆ ಮೇಲೆತ್ತಿ. ಗೆರೆ ದಾರದಂತೆ ಪೂರ್ತಿ ಎದ್ದು ಬರುತ್ತದೆ, ಮೈ ಸೀಳದೆ ಉಳಿಯುತ್ತದೆ.

ಇನ್ನು ಬಾಣಲೆಗೆ ಹಾಕುವ ಮುಂಚಿನ ಕೆಲಸ. 300 ಗ್ರಾಂ ಸಿಗಡಿ ಎಂದಿಟ್ಟುಕೊಳ್ಳೋಣ. ಹಿಂದಿನ ರಾತ್ರಿಯೇ ಫ್ರೀಜರ್‌ನಿಂದ ಕೆಳಗಿನ ಫ್ರಿಜ್‌ಗೆ ಇಳಿಸಿ, ಜರಡಿಯಲ್ಲಿಟ್ಟು ಕೆಳಗೊಂದು ಬಟ್ಟಲಿಡಿ, ಕರಗಿದ ನೀರು ಇಳಿದುಹೋಗಲಿ. ಅವಸರವಿದ್ದರೆ ಪ್ಯಾಕೆಟ್ ಸಮೇತ ತಣ್ಣೀರಿನಲ್ಲಿ 20–30 ನಿಮಿಷ ಮುಳುಗಿಸಿ. ಬಿಸಿನೀರು, ಮೈಕ್ರೊವೇವ್ ಎರಡೂ ಬೇಡ, ಅಂಚು ಆಗಲೇ ಅರೆಬೆಂದುಬಿಡುತ್ತದೆ. ಆಮೇಲೆ ಒಮ್ಮೆ ತೊಳೆದು, ಹತ್ತಿ ಬಟ್ಟೆಯ ಮೇಲೆ ಒಂದೇ ಪದರದಲ್ಲಿ ಹರಡಿ, ಇನ್ನೊಂದು ಬಟ್ಟೆ ಮುಚ್ಚಿ ಅಂಗೈಯಿಂದ ಒತ್ತಿ. ಬಟ್ಟೆ ಒದ್ದೆಯಾದರೆ ಬದಲಿಸಿ ಮತ್ತೊಮ್ಮೆ ಒತ್ತಿ. ಬೆರಳಲ್ಲಿ ಮುಟ್ಟಿದಾಗ ಜಾರದೆ ತುಸು ಅಂಟಿದಂತಾಗಬೇಕು. ಹೆಚ್ಚಿನವರು ಬಿಡುವ ಹಂತ ಇದೇ, ಹೆಚ್ಚು ಫಲ ಕೊಡುವ ಹಂತವೂ ಇದೇ.

ಒಣಗಿಸಿದ ಮೇಲೆ ಅರ್ಧ ಟೀ ಚಮಚ ಉಪ್ಪು, ದೊಡ್ಡ ಚಿಟಿಕೆ ಅಡುಗೆ ಸೋಡಾ ಸವರಿ ಫ್ರಿಜ್‌ನಲ್ಲಿ 15–20 ನಿಮಿಷ ಇಡಿ. ಉಪ್ಪು ಮೇಲ್ಪದರದ ಪ್ರೋಟೀನನ್ನು ತುಸು ಕರಗಿಸಿ ನೀರು ಹಿಡಿಯುವ ಶಕ್ತಿ ಕೊಡುತ್ತದೆ. ಸೋಡಾದ ಕ್ಷಾರ ಪ್ರೋಟೀನುಗಳು ಒಂದಕ್ಕೊಂದು ಬಿಗಿಯಾಗಿ ಕಟ್ಟಿಕೊಳ್ಳುವುದನ್ನು ತಡೆಯುತ್ತದೆ, ಬಣ್ಣವೂ ಬೇಗ ಬರುತ್ತದೆ. ಸೋಡಾ ಕಾಲು ಚಮಚ ದಾಟಿದರೆ ಮಾತ್ರ ಬಾಯಲ್ಲಿ ಸಾಬೂನಿನ ರುಚಿ ನಿಲ್ಲುತ್ತದೆ. ಪ್ಯಾಕೆಟ್ಟಿನ ಮೇಲೆ 451 ಇದ್ದರೆ ಸೋಡಾ ಬೇಡವೇ ಬೇಡ, ಫಾಸ್ಫೇಟ್ ಅದೇ ಕೆಲಸ ಮಾಡಿರುತ್ತದೆ. ಉಪ್ಪನ್ನೂ ಅರ್ಧ ಮಾಡಿ. ಲಿಂಬೆ, ಹುಣಸೆ, ಮೊಸರು ಈ ಹಂತದಲ್ಲಿ ಹತ್ತಿರ ಸುಳಿಯಬಾರದು. ಹುಳಿ ಬೆಂಕಿಯಿಲ್ಲದೆಯೇ ಮಾಂಸವನ್ನು ಗಟ್ಟಿ ಮಾಡುತ್ತದೆ. ಕೋಳಿಗೆ ಹಚ್ಚುವಂತೆ ಸಿಗಡಿಗೂ ಗಂಟೆಗಟ್ಟಲೆ ಮಸಾಲೆ ಹಚ್ಚಿಡುವ ಅಭ್ಯಾಸದಿಂದ ಸಿಗುವುದೇನೂ ಇಲ್ಲ. ಬಾಣಲೆಗೆ ಹಾಕುವ ಮುಂಚೆ ನೀರು ಕಾಣಿಸಿದರೆ ಮತ್ತೊಮ್ಮೆ ಒರೆಸಿ, ಕಾಲು ಚಮಚ ಅರಿಶಿನ ಸವರಿ.

ಬಾಣಲೆ ಅಗಲವಾಗಿರಲಿ, ದಪ್ಪವಾಗಿರಲಿ. ಬೀಡು ಕಬ್ಬಿಣದ ದೋಸೆ ಕಾವಲಿ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. 28 ಸೆಂಟಿಮೀಟರ್ ಅಗಲದ ಕಾವಲಿಗೆ ಒಂದು ಸಲಕ್ಕೆ 150 ಗ್ರಾಂ ಸಾಕು, 300 ಗ್ರಾಂ ಇದ್ದರೆ ಎರಡು ಸಲ ಮಾಡಿ. ತುಂಡುಗಳ ನಡುವೆ ಒಂದು ಬೆರಳಿನಷ್ಟು ಜಾಗ ಇರಬೇಕು. ಒತ್ತೊತ್ತಾಗಿ ತುಂಬಿದರೆ ಕಾವಲಿ ತಣ್ಣಗಾಗಿ ಮತ್ತೆ ನೀರಿನ ಕಥೆ ಶುರು. ಕಾವಲಿಯನ್ನು ಮಧ್ಯಮ ಉರಿಯಲ್ಲಿ ಮೂರು ನಾಲ್ಕು ನಿಮಿಷ ಕಾಯಿಸಿ. ನೀರು ಚಿಮುಕಿಸಿದರೆ ಹನಿಗಳು ಉರುಳಾಡಿ ಓಡಬೇಕು. ಆಗ ಉರಿ ಜೋರು ಮಾಡಿ ಒಂದು ದೊಡ್ಡ ಚಮಚ ತುಪ್ಪ ಹಾಕಿ. ನಾನ್‌ಸ್ಟಿಕ್ ತವಾ ಆದರೆ ಹೀಗೆ ಬರಿದಾಗಿ ಕಾಯಿಸಬಾರದು, ಎಣ್ಣೆ ಹಾಕಿಯೇ ಬಿಸಿ ಮಾಡಿ, ಬಣ್ಣ ಸ್ವಲ್ಪ ಕಡಿಮೆ ಬಂದರೆ ಒಪ್ಪಿಕೊಳ್ಳಿ.

ತುಪ್ಪವನ್ನೇ ಏಕೆ ಹೇಳಿದೆವೆಂದರೆ ಅದು ಸುಮಾರು 250 ಡಿಗ್ರಿವರೆಗೆ ಹೊಗೆಯಾಡದೆ ತಾಳುತ್ತದೆ. ಗಾಣದ ತೆಂಗಿನೆಣ್ಣೆ 175ರ ಹತ್ತಿರವೇ ಹೊಗೆ ಬಿಡುತ್ತದೆ, ಬೆಣ್ಣೆ ಅದಕ್ಕೂ ಮುಂಚೆ ಕರಟುತ್ತದೆ. ತೆಂಗಿನೆಣ್ಣೆಯ ಪರಿಮಳ ಬೇಕೆಂದರೆ ಇಳಿಸುವಾಗ ಒಂದು ಚಮಚ ಮೇಲಿನಿಂದ ಹಾಕಿ. ಜಜ್ಜಿದ ಬೆಳ್ಳುಳ್ಳಿಯನ್ನೂ ಮೊದಲೇ ಹಾಕಬೇಡಿ, ಈ ಬಿಸಿಗೆ ಅರ್ಧ ನಿಮಿಷದಲ್ಲಿ ಕಹಿಯಾಗುತ್ತದೆ.

ಸಿಗಡಿಯನ್ನು ಒಂದೊಂದಾಗಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಇಡುತ್ತಾ ಬನ್ನಿ. ಮೊದಲು ಇಟ್ಟದ್ದನ್ನು ಮೊದಲು ಮಗುಚಲು ಅನುಕೂಲ. ಇಟ್ಟ ಮೇಲೆ ಸೌಟು ಕೆಳಗಿಡಿ. ಕೆದಕಿದಷ್ಟೂ ಬಣ್ಣ ಬರುವುದು ತಡ. 26/30 ಗಾತ್ರಕ್ಕೆ ಮೊದಲ ಮಗ್ಗುಲು ಒಂದೂಕಾಲು ನಿಮಿಷ, ಮಗುಚಿದ ಮೇಲೆ ಮುಕ್ಕಾಲು ನಿಮಿಷ. 16/20ರ ದೊಡ್ಡದಕ್ಕೆ ಎರಡು ಮತ್ತು ಒಂದು. ಸಿಪ್ಪೆ ಸಮೇತ ಹುರಿದರೆ ಅದಕ್ಕಿಂತ ಅರ್ಧ ನಿಮಿಷ ಹೆಚ್ಚು. ಎರಡೂ ಮಗ್ಗುಲಿಗೆ ಸಮಪಾಲು ಮಾಡಬೇಡಿ. ಒಂದು ಮಗ್ಗುಲು ಚೆನ್ನಾಗಿ ಕೆಂಪಗಾಗಿ ಇನ್ನೊಂದು ಬರೀ ಬೆಂದರೆ ಸಾಕು, ಎರಡೂ ಕೆಂಪಗಾಗುವಷ್ಟರಲ್ಲಿ ನಡುಭಾಗ ಮೀರಿರುತ್ತದೆ.

ಬೆಂದದ್ದು ಗೊತ್ತಾಗುವುದು ಹೇಗೆ? ಅರ್ಧಚಂದ್ರದಂತೆ ಬಾಗಿದರೆ ಹದ, ಉಂಗುರದಂತೆ ಸುತ್ತಿಕೊಂಡರೆ ಅತಿ ಎಂಬ ಮಾತಿದೆ. ಇಡೀ ಸಿಗಡಿಗೆ ಅದು ಬಹುಮಟ್ಟಿಗೆ ನಿಜ. ಬೆನ್ನು ಸೀಳಿದ್ದರೆ ಹದಕ್ಕೆ ಮುಂಚೆಯೇ ಸುತ್ತಿಕೊಳ್ಳುತ್ತದೆ, ನಂಬಬೇಡಿ. ಕೆಂಪು ಬಣ್ಣವನ್ನೂ ಪೂರ್ತಿ ನಂಬುವಂತಿಲ್ಲ. ಸಿಗಡಿಯ ಅಸ್ಟಾಕ್ಸಾಂಥಿನ್ ಎಂಬ ಕೆಂಪು ಬಣ್ಣ ಹಸಿಯಾಗಿದ್ದಾಗ ಪ್ರೋಟೀನಿಗೆ ಕಟ್ಟಿಕೊಂಡು ನೀಲಿ ಬೂದಿಯಾಗಿ ಕಾಣುತ್ತದೆ, ಬಿಸಿ ತಾಗಿದ ಕೂಡಲೇ ಬಿಡುಗಡೆಯಾಗುತ್ತದೆ. ಹೊರಮೈ ಕೆಂಪಗಾದಾಗ ಒಳಗೆ ಇನ್ನೂ ಹಸಿ ಇರಬಹುದು. ನೋಡಬೇಕಾದ ಜಾಗ ಒಂದೇ: ತಲೆ ಮುರಿದ ಕಡೆಯ ದಪ್ಪ ತುದಿ. ಅಲ್ಲಿ ಗಾಜಿನಂಥ ಬೂದು ಬಣ್ಣ ಅಕ್ಕಿಕಾಳಿನಷ್ಟು ಉಳಿದಿರುವಾಗಲೇ ತಟ್ಟೆಗೆ ತೆಗೆಯಿರಿ. ತಟ್ಟೆಯಲ್ಲಿ ತನ್ನದೇ ಬಿಸಿಗೆ ಅದೂ ಬೆಳ್ಳಗಾಗುತ್ತದೆ. ಮಸಾಲೆಗೆ ಸೇರಿಸುವುದಿದ್ದರೆ ಇನ್ನೂ ಅರ್ಧ ನಿಮಿಷ ಮುಂಚೆ ತೆಗೆಯಿರಿ.

ಈಗ ಘೀ ರೋಸ್ಟ್. ಕುಂದಾಪುರದ ಕಡೆಯ ಈ ಅಡುಗೆ ಕೋಳಿಯಿಂದ ಹೆಸರಾದದ್ದು, ಸಿಗಡಿಗೆ ಬಂದಾಗ ಕ್ರಮ ಬದಲಾಗಲೇಬೇಕು. 300 ಗ್ರಾಂ ಸಿಗಡಿಗೆ ಎಂಟು ಹತ್ತು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಟೀ ಚಮಚ ಜೀರಿಗೆ, ಅರ್ಧ ಟೀ ಚಮಚ ಕಾಳುಮೆಣಸು, ಎಂಟು ಹತ್ತು ಕಾಳು ಮೆಂತೆ. ಎಲ್ಲವನ್ನೂ ಸಣ್ಣ ಉರಿಯಲ್ಲಿ ಬೇರೆ ಬೇರೆ ಹುರಿಯಿರಿ. ಮೆಂತೆ ಕಂದಾದ ಕೂಡಲೇ ಇಳಿಸಿ, ಕಪ್ಪಾದರೆ ಇಡೀ ಮಸಾಲೆ ಕಹಿ. ಮೆಣಸನ್ನು ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ಐದಾರು ಎಸಳು ಬೆಳ್ಳುಳ್ಳಿ, ಸಣ್ಣ ಅಡಿಕೆ ಗಾತ್ರದ ಹುಣಸೆಹಣ್ಣಿನೊಂದಿಗೆ ಆದಷ್ಟು ಕಡಿಮೆ ನೀರು ಹಾಕಿ ಗಂಧದಂತೆ ನುಣ್ಣಗೆ ಅರೆಯಿರಿ. ತರಿ ಉಳಿದರೆ ತುಪ್ಪ ಬಿಟ್ಟರೂ ಮಸಾಲೆ ಸಿಗಡಿಗೆ ಅಂಟುವುದಿಲ್ಲ. ಬ್ಯಾಡಗಿ ಬಣ್ಣಕ್ಕೆ, ಖಾರ ಬೇಕೆಂದರೆ ಗುಂಟೂರು ಒಂದೆರಡು ಸೇರಿಸಿ.

ಮೂರು ದೊಡ್ಡ ಚಮಚ ತುಪ್ಪದಲ್ಲಿ ಈ ಮಸಾಲೆಯನ್ನು ಸಣ್ಣ ಉರಿಯಲ್ಲಿ ಹತ್ತು ಹನ್ನೆರಡು ನಿಮಿಷ ಕೈಯಾಡಿಸಿ. ಮೊದಲು ಗುಳ್ಳೆ ಗುಳ್ಳೆಯಾಗಿ ಸಿಡಿಯುತ್ತದೆ, ಆಮೇಲೆ ಸಿಡಿತ ನಿಂತು ಮಸಾಲೆ ಮುದ್ದೆಯಾಗುತ್ತದೆ, ಕೊನೆಗೆ ಬಣ್ಣ ಕಡುಕೆಂಪಾಗಿ ಅಂಚಿನಲ್ಲಿ ತುಪ್ಪ ಬೇರ್ಪಡುತ್ತದೆ. ಅಲ್ಲಿಯವರೆಗೆ ಸಿಗಡಿ ಹತ್ತಿರ ಬರಕೂಡದು. ತುಪ್ಪ ಬಿಟ್ಟ ಮೇಲೆ ಅರ್ಧ ಚಮಚ ಬೆಲ್ಲ, ಉಪ್ಪು, ಕರಿಬೇವು. ಹುರಿದಿಟ್ಟ ಸಿಗಡಿಯ ತಟ್ಟೆಯಲ್ಲಿ ಎರಡು ಮೂರು ಚಮಚ ರಸ ನಿಂತಿರುತ್ತದೆ. ಅದನ್ನು ಚೆಲ್ಲಬೇಡಿ, ಸಿಗಡಿಯ ಜೊತೆಗೂ ಸುರಿಯಬೇಡಿ. ರಸವನ್ನಷ್ಟೇ ಮೊದಲು ಮಸಾಲೆಗೆ ಹಾಕಿ ಇಂಗಿಸಿ, ಅಡುಗೆಯ ನಿಜವಾದ ರುಚಿ ಅದರಲ್ಲಿದೆ. ಮತ್ತೆ ತುಪ್ಪ ಕಾಣಿಸಿದಾಗ ಸಿಗಡಿ ಹಾಕಿ, ಜೋರು ಉರಿಯಲ್ಲಿ ಅರ್ಧದಿಂದ ಒಂದು ನಿಮಿಷ ಹೊರಳಿಸಿ, ಒಲೆ ಆರಿಸಿ, ಕೂಡಲೇ ಬೇರೆ ಪಾತ್ರೆಗೆ ತೆಗೆಯಿರಿ. ಬೀಡಿನ ಕಾವಲಿಯಲ್ಲೇ ಬಿಟ್ಟರೆ ಒಲೆ ಆರಿದ ಮೇಲೂ ಐದು ನಿಮಿಷ ಬೇಯುತ್ತಲೇ ಇರುತ್ತದೆ.

ಕಾಯಿ ಅರೆದು ಮಾಡುವ ಮಂದನೆಯ ಗಸಿಗೂ ಸಾರಿಗೂ ಇದೇ ನ್ಯಾಯ. ತೆಂಗಿನಕಾಯಿ ಮಸಾಲೆ ಹತ್ತು ನಿಮಿಷ ಕುದ್ದು ಉಪ್ಪು, ಹುಳಿ ಎಲ್ಲ ಸರಿಯಾದ ಮೇಲೆ, ಬಸಳೆಯೋ ಸೌತೆಯೋ ನುಗ್ಗೆಯೋ ಬೆಂದ ಮೇಲೆ, ಕಟ್ಟಕಡೆಗೆ ಸಿಗಡಿ. ಉರಿ ತಗ್ಗಿಸಿ ಮೂರು ನಿಮಿಷ, ಮುಚ್ಚಳ ಬೇಡ. ಒಂದು ವಿನಾಯಿತಿ ಇದೆ. ಕರಾವಳಿಯ ಮನೆಗಳಲ್ಲಿ ಸಣ್ಣ ಕರಿಕಾಡಿಯನ್ನು ಸುಕ್ಕಕ್ಕೆ, ಅಂದರೆ ಕಾಯಿತುರಿಯ ಒಣ ಮಸಾಲೆ ಅಡುಗೆಗೆ, ಹಾಕಿ ಬಹಳ ಹೊತ್ತು ಬಾಡಿಸುತ್ತಾರೆ. ಅಲ್ಲಿ ಸಿಗಡಿ ಬಿಗಿಯಾಗುವುದು ಗೊತ್ತಿದ್ದೇ ಮಾಡುವುದು, ಅದರ ಸಾರವೆಲ್ಲ ಕಾಯಿಗೆ ಇಳಿಯಲಿ ಎಂದು. ಅದನ್ನು ತಪ್ಪೆನ್ನುವುದು ಆ ಅಡುಗೆ ಅರ್ಥವಾಗದವರ ಮಾತು. ವನ್ನಾಮಿಗೆ ಹಾಗೆ ಮಾಡಿದರೆ ಕೊಡಲು ಅಷ್ಟು ಸಾರವೂ ಇಲ್ಲ, ಮಾಂಸವೂ ಹೋಯಿತು.

ವನ್ನಾಮಿಯ ಈ ಸಪ್ಪೆತನಕ್ಕೆ ಒಂದು ಉಪಾಯವಿದೆ. ಸಿಪ್ಪೆ ಇರುವ ಸಿಗಡಿ ತಂದು, ಸುಲಿದ ಸಿಪ್ಪೆ, ತಲೆಗಳನ್ನು ತೊಳೆದು ಒಂದು ಚಮಚ ಎಣ್ಣೆಯಲ್ಲಿ ಐದು ನಿಮಿಷ ಹುರಿಯಿರಿ. ಅಸ್ಟಾಕ್ಸಾಂಥಿನ್ ಎಣ್ಣೆಯಲ್ಲಿ ಕರಗುವುದರಿಂದ ಎಣ್ಣೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಎರಡು ಲೋಟ ನೀರು ಹಾಕಿ ಹದಿನೈದು ನಿಮಿಷ ಕುದಿಸಿ ಸೋಸಿ. ಗಸಿಗೆ ನೀರಿನ ಬದಲು ಇದನ್ನೇ ಬಳಸಿ. ಘೀ ರೋಸ್ಟ್‌ಗಾದರೆ ಇದನ್ನು ಕಾಲು ಲೋಟಕ್ಕೆ ಬತ್ತಿಸಿ ಮಸಾಲೆಗೆ ಸೇರಿಸಿ ಇಂಗಿಸಿ.

ಮಾಡಿದ್ದು ಉಳಿದರೆ ಫ್ರಿಜ್‌ನಲ್ಲಿಟ್ಟು ಮರುದಿನವೇ ಮುಗಿಸಿ. ಬಿಸಿ ಮಾಡುವಾಗ ಸಿಗಡಿ ಆರಿಸಿ ತೆಗೆದಿಟ್ಟು, ಮಸಾಲೆಯನ್ನಷ್ಟೇ ಚೆನ್ನಾಗಿ ಕುದಿ ಬರಿಸಿ, ಆಮೇಲೆ ಸಿಗಡಿ ಹಾಕಿ ಬಿಸಿಯಾಗುವಷ್ಟು ಮಾತ್ರ ಹೊರಳಿಸಿ. ಮನೆಗೆ ಬಂದವರಲ್ಲಿ ಯಾರಿಗಾದರೂ ಸಿಗಡಿ, ಏಡಿ ಆಗದು ಎಂದಿದ್ದರೆ ‘ಚೆನ್ನಾಗಿ ಬೆಂದಿದೆ, ಏನೂ ಆಗಲ್ಲ’ ಎಂದು ಒತ್ತಾಯಿಸಬೇಡಿ. ಅಲರ್ಜಿಗೆ ಮುಖ್ಯ ಕಾರಣವಾದ ಟ್ರೋಪೊಮಯೋಸಿನ್ ಎಂಬ ಪ್ರೋಟೀನ್ ಬೇಯಿಸಿದರೆ ಹೋಗುವುದಿಲ್ಲ, ಅದೇ ಕಾವಲಿಯಲ್ಲಿ ಆಮೇಲೆ ಹುರಿದ ಮೀನಿಗೂ ಅಂಟಿಕೊಳ್ಳುತ್ತದೆ. ಆಸ್ತಮಾ ಇರುವವರು ಪ್ಯಾಕೆಟ್ ಮೇಲೆ ‘ಐಎನ್‌ಎಸ್ 223’ ಇದೆಯೇ ಎಂದೂ ನೋಡಿಕೊಳ್ಳಲಿ. ಕಪ್ಪು ಚುಕ್ಕೆ ಬಾರದಿರಲು ಬಳಸುವ ಈ ಸಲ್ಫೈಟ್ ಕೆಲವರಿಗೆ ಉಬ್ಬಸ ತರಿಸುತ್ತದೆ.